ಕೊನೆಗೆ ಉಂಡ ಮನೆ

ನಮ್ಮ ಊರಿನಲ್ಲಿ ಯಾರೂ ಯಾರನ್ನೂ ‘ಊಟ ಆಯ್ತಾ’ ಎಂದು ಕೇಳುವುದಿಲ್ಲ. ಕೇಳಿದರೆ ಎದುರಿನವನು ಬೆಚ್ಚಿ ಬಿದ್ದು ನಿಮ್ಮ ಮುಖ ನೋಡುತ್ತಾನೆ. ಮೊದಲು ‘ಮನ್ಯಾಗ ಮಷೀನು ಐತೇನು?’ ಎಂದು ಕೇಳಬೇಕು. ಇಲ್ಲ ಎಂದರೆ ಮಾತ್ರ ಮಜ್ಜಿಗೆ, ರೊಟ್ಟಿ, ಉಳಿದದ್ದು. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು, ನಮಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವಷ್ಟೇ ಸಹಜ. ಏಸಿ ಮಷೀನು ಹಾಕಿ ಮನೆಯ ಬಿಸಿಯನ್ನು ಹೊರಗೆ ದೂಡಿದರೆ, ನಮ್ಮಲ್ಲಿ ಅದು ಆಕಾಶಕ್ಕೆ ಹೋಗುವುದಿಲ್ಲ. ಆ ಮನೆಯ ಯಜಮಾನ ಕೊನೆಯ ಸಲ ಯಾರ ಮನೆಯ ಅನ್ನ ಉಂಡನೋ ಆ ಮನೆಗೆ ಹೋಗಿ ಕೂರುತ್ತದೆ. ಸ್ವಂತ ಮನೆಯ ಊಟ, ದುಡ್ಡು ಕೊಟ್ಟು ತಿಂದ ಹೋಟೆಲಿನ ಇಡ್ಲಿ ಲೆಕ್ಕಕ್ಕಿಲ್ಲ. ಯಾರಾದರೂ ತಾವಾಗಿ ಕೊಟ್ಟಿರಬೇಕು, ಇವನು ತಿಂದಿರಬೇಕು, ಅಷ್ಟೆ. ಒಂದು ತುತ್ತಾದರೂ ಸಾಕು.

ಮೊದಮೊದಲು ಮಷೀನಿನವರೆಲ್ಲ ಮಠದ ದಾಸೋಹಕ್ಕೆ ಹೋಗಿ ಪ್ರಸಾದ ತಿಂದು ಬರುತ್ತಿದ್ದರು. ಒಂದೇ ಬೇಸಿಗೆಯಲ್ಲಿ ಮಠದ ಗಂಟೆ ಮುಟ್ಟಿದರೆ ಕೈ ಸುಡುವಂತಾಯಿತು. ಸ್ವಾಮಿಗಳು ಬೇವಿನ ಮರದ ಕೆಳಗೆ ಮಂಚ ಹಾಕಿಸಿಕೊಂಡು, ‘ಮಷೀನಿನವರಿಗೆ ಪ್ರಸಾದವಿಲ್ಲ’ ಎಂದು ಬಾಗಿಲಿಗೆ ಬೋರ್ಡು ಹಾಕಿಸಿದರು. ಮದುವೆಗಳಲ್ಲಿ ಮಷೀನಿನವರು ಅಕ್ಷತೆ ಹಾಕಿ, ಕೈಮುಗಿದು, ಎಲೆ ಹಾಕುವುದಕ್ಕೆ ಮುಂಚೆ ಮರ್ಯಾದೆಯಿಂದ ಎದ್ದುಹೋಗುವ ಪದ್ಧತಿ ಬಂತು. ಹತ್ತಿ ಮಿಲ್ಲಿನ ಮುರಿಗೆಪ್ಪ ಸಾಹುಕಾರ ಮಾತ್ರ ಇದನ್ನೆಲ್ಲ ಮೀರಿದವನು. ಅವನು ಪ್ರತಿವರ್ಷ ಶಿವರಾತ್ರಿ ಮುಗಿದ ವಾರ ಕೂಲಿಕಾರರ ಓಣಿಗೆ ಹೋಗಿ, ಯಾವನಾದರೂ ಒಬ್ಬ ಕೂಲಿಯವನ ಮನೆಯಲ್ಲಿ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಪೇಪರಿನವರು ಫೋಟೋ ತೆಗೆಯುತ್ತಿದ್ದರು. ‘ಬಡವರ ಮನೆಯ ಊಟ ಅಮೃತ’ ಎಂದು ಕೆಳಗೆ ಅಚ್ಚಾಗುತ್ತಿತ್ತು. ಆಮೇಲೆ ಮನೆಗೆ ಹೋಗಿ ಹನ್ನೆರಡು ಕೋಣೆಗೂ ಮಷೀನು ಬಿಡುತ್ತಿದ್ದ. ಆ ಕೂಲಿಯವನ ಕುಟುಂಬ ಯುಗಾದಿಯವರೆಗೂ ತಡೆಯುತ್ತಿರಲಿಲ್ಲ, ಮನೆ ಬಿಟ್ಟು ಮಿಲ್ಲಿನ ಗೋಡೆಯ ನೆರಳಿಗೆ ಬಂದು ಬೀಳುತ್ತಿತ್ತು. ಬೇಡ ಎನ್ನುವ ಎದೆ ಯಾರಿಗೂ ಇರಲಿಲ್ಲ. ಮನೆ ಬಾಗಿಲಿಗೆ ಬಂದು ಹಸಿವು ಎಂದವನಿಗೆ, ಅದೂ ಸಾಹುಕಾರನಿಗೆ, ಇಲ್ಲ ಎನ್ನುವುದು ಹೇಗೆ?

ನಾನು ಅವನನ್ನು ಮನಸಾರೆ ಬೈದವರಲ್ಲಿ ಮೊದಲಿಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಬೈಯುವಾಗ ನೆನಪಿರಲಿ.

ನನ್ನ ಹೆಸರು ಮಾನಪ್ಪ. ತಗಡಿನ ಕೆಲಸದವನು. ಡಬ್ಬಿ, ಲಾಳಿಕೆ, ಕಾಳಿನ ಪೀಪಾಯಿ, ಮಾಳಿಗೆಯ ಮಳೆನೀರಿನ ಹರಿನಾಳ, ಏನು ಕೇಳಿದರೂ ಮಡಚಿ ಬಡಿದು ಕೊಡುತ್ತೇನೆ. ನನ್ನ ಹೆಂಡತಿ ಕಾಳಮ್ಮನಿಗೆ ನರದ ಕಾಯಿಲೆ. ದೊಡ್ಡಾಸ್ಪತ್ರೆಯ ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿದ್ದರು, ನಾನು ಚೀಟಿಯಲ್ಲಿ ಬರೆಸಿಕೊಂಡು ಚೀಟಿ ಕಳೆದೆ. ತಂಪಿದ್ದರೆ ಅವಳು ನಡೆಯುತ್ತಾಳೆ. ಮೈಗೆ ಬಿಸಿ ಹತ್ತಿದರೆ ಕಾಲು ಅವಳ ಮಾತು ಕೇಳುವುದಿಲ್ಲ, ಬೆರಳಿನಿಂದ ಲೋಟ ಜಾರುತ್ತದೆ, ಕಣ್ಣು ಮಂಜಾಗುತ್ತದೆ. ನಮ್ಮ ಊರಿನಲ್ಲಿ ಬೇಸಿಗೆ ಎಂಟು ತಿಂಗಳು. ಆ ಎಂಟು ತಿಂಗಳೂ ಅವಳು ನೆಲದ ಮೇಲೆ ತೆವಳುತ್ತಾಳೆ. ಉಳಿದ ನಾಲ್ಕು ತಿಂಗಳು ಗೋಡೆ ಹಿಡಿದು, ಬಗ್ಗಿಕೊಂಡೇ ನಾಲ್ಕು ಹೆಜ್ಜೆ ಇಟ್ಟರೆ ಹೆಚ್ಚು. ಒಂದು ದಿನ ಮಧ್ಯಾಹ್ನ ಅಂಗಡಿಯಿಂದ ಬಂದಾಗ ಬಚ್ಚಲ ಹತ್ತಿರ ಬಿದ್ದಿದ್ದಳು. ನೀರಿನ ಕೊಡ ಅವಳ ಕೈಯಿಂದ ಎರಡು ಗೇಣು ದೂರದಲ್ಲಿತ್ತು. ಬೆಳಿಗ್ಗೆಯಿಂದ ಹಾಗೇ ಕೊಡ ನೋಡುತ್ತ ಬಿದ್ದಿದ್ದಳಂತೆ. ‘ಕೊಡಕ್ಕೂ ನನಗೂ ಭಾಳ ಮಾತಾತು’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮಷೀನು ಹಾಕಿಸಲೇಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ಹಾಕಿಸುವುದೆಂದರೆ ಯಾರ ಕೈಲಿ? ದೂರದ ಪಟ್ಟಣದಿಂದ ಬರುತ್ತಿದ್ದ ಫಿಟ್ಟರುಗಳು ಬರುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಅವರಿಗೆ ನಮ್ಮ ಊರಿನವರು ಕುಡಿಯಲು ನೀರು ಕೂಡ ಕೊಡುತ್ತಿರಲಿಲ್ಲ. ಮಷೀನು ಮುಟ್ಟಿದವನಿಗೇ ಕೊಟ್ಟರೆ ಎಲ್ಲಿ ಏನು ಅಂಟಿಕೊಳ್ಳುತ್ತದೋ ಎಂಬ ಹೆದರಿಕೆ. ಆ ನಡುಬೇಸಿಗೆಯಲ್ಲಿ ಒಣಗಿದ ಗಂಟಲಲ್ಲಿ ಯಾರು ಬಂದಾರು? ಆದರೆ ತಗಡಿನ ಕೆಲಸದವನಿಗೆ ಫಿಟ್ಟರು ಯಾಕೆ ಬೇಕು ಎಂದುಕೊಂಡೆ. ಇಡೀ ಮನೆಗೆ ಒಂದೇ ಮಷೀನು, ಅದರಿಂದ ಕೋಣೆ ಕೋಣೆಗೆ ತಗಡಿನ ಗಾಳಿಕೊಳವೆ, ಅಷ್ಟೇ ತಾನೆ? ಪಟ್ಟಣದಲ್ಲಿ ಬಾಗಿಲು ಮುಚ್ಚಿದ ಒಂದು ಲಾಡ್ಜಿನಿಂದ ಹಳೆಯ ಮಷೀನನ್ನು ಕೊಂಡು ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ. ಜೊತೆಗೆ ಒಂದು ಪುಸ್ತಕವಿತ್ತು. ಅದರ ಭಾಷೆ ನನಗೆ ಓದಲು ಬರುತ್ತಿರಲಿಲ್ಲ. ಚಿತ್ರಗಳಿದ್ದವು, ನನಗೆ ಚಿತ್ರ ಸಾಕು.

ಬಿಸಿ ಎಲ್ಲಿಗೆ ಹೋಗಬೇಕು ಎಂಬುದನ್ನೂ ಆಗಲೇ ಯೋಚಿಸಿಟ್ಟುಕೊಂಡಿದ್ದೆ. ಮುರಿಗೆಪ್ಪ ಸಾಹುಕಾರನ ಮೊಮ್ಮಗಳ ನಾಮಕರಣದ ದಿನ ಅವನ ಮನೆಯ ಹರಿನಾಳ ಸರಿ ಮಾಡಲು ಹೋದವನಿಗೆ ಅವನ ಸೊಸೆ ಒಂದು ಲಾಡು ಕೊಟ್ಟಿದ್ದಳು. ಆಗ ನನ್ನ ಮನೆಯಲ್ಲಿ ಮಷೀನು ಇರಲಿಲ್ಲ, ಯಾರೂ ತಡೆಯಲಿಲ್ಲ. ಆಮೇಲೆ ನಾನು ಯಾರ ಮನೆಯಲ್ಲೂ ತಿಂದಿರಲಿಲ್ಲ. ಸಾಹುಕಾರನ ಮನೆಗೆ ನನ್ನ ಬಿಸಿ ಹೋಗಲಿ, ಕೂಲಿಯವರ ಉರಿ ಏನೆಂದು ಅವನಿಗೂ ಗೊತ್ತಾಗಲಿ ಎಂದು ಒಳಗೊಳಗೇ ಹಿಗ್ಗಿದೆ. ಅವನ ಮನೆಯಲ್ಲಿ ಹನ್ನೆರಡು ಕೋಣೆಗೆ ಮಷೀನಿದೆ, ಅದು ನನ್ನ ಬಿಸಿಯನ್ನೂ ದೂಡಿ ಮತ್ತೆ ಯಾವನೋ ಕೂಲಿಯವನ ತಲೆಯ ಮೇಲೆ ಹಾಕುತ್ತದೆ ಎಂಬುದು ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು. ಅದು ಅವನ ಪಾಪ, ನನ್ನದಲ್ಲ ಎಂದು ಬದಿಗಿಟ್ಟೆ.

ಕೆಲಸ ಎರಡು ತಿಂಗಳು ಹಿಡಿಯಿತು. ಮಾಳಿಗೆಯ ಮೇಲೆ ನಾಲ್ಕು ಇಟ್ಟಿಗೆ ಕಟ್ಟೆ ಕಟ್ಟಿ, ಮಟ್ಟಗೋಲು ಇಟ್ಟು ನೋಡಿ, ಹೊರಗಿನ ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿದೆ. ಒಳಗಿನ ಪೆಟ್ಟಿಗೆ ಅಟ್ಟಕ್ಕೆ. ಎರಡಕ್ಕೂ ನಡುವೆ ಎರಡು ತಾಮ್ರದ ಕೊಳವೆ, ಒಂದು ಸಣ್ಣದು, ಒಂದು ದಪ್ಪದು. ದಪ್ಪದಕ್ಕೆ ಕಪ್ಪು ಸ್ಪಂಜಿನ ಅಂಗಿ. ಗಾಳಿಕೊಳವೆಯನ್ನು ಮಾತ್ರ ನಾನು ನನ್ನ ಜನ್ಮದ ಕೆಲಸ ಎಂಬಂತೆ ಮಾಡಿದೆ. ಶುರುವಿನಲ್ಲಿ ಅಗಲ, ಮುಂದೆ ಹೋದಂತೆ ಕಿರಿದು, ಕೊನೆಯ ಕೋಣೆಗೂ ಅಷ್ಟೇ ಬಿರುಸಿನ ಗಾಳಿ ಮುಟ್ಟುವ ಹಾಗೆ. ಒಂದು ಅಂಚಿನೊಳಗೆ ಇನ್ನೊಂದು ಅಂಚು ಮಡಚಿ ಮರದ ಕೊಡತಿಯಿಂದ ಬಡಿದೆ. ಉಗುರು ತೂರಿಸಲು ಸಂದು ಬಿಡಲಿಲ್ಲ.

ತಪ್ಪುಗಳೂ ಆದವು. ನೀರು ಹೋಗುವ ಕೊಳವೆಯ ಇಳಿಜಾರು ಉಲ್ಟಾ ಆಗಿ, ಮೊದಲ ಸಲ ಪರೀಕ್ಷೆ ಮಾಡಿದಾಗ ನೀರು ಬಂದು ಅಪ್ಪನ ಫೋಟೋದ ಮೇಲೆ ಸುರಿಯಿತು. ಕೋಣೆಗಳಿಗೆ ಗಾಳಿ ಹೋಗಲು ದಾರಿ ಮಾಡಿದವನು, ಅದು ವಾಪಸು ಮಷೀನಿಗೆ ಬರಲು ದಾರಿ ಬಿಡುವುದನ್ನೇ ಮರೆತಿದ್ದೆ. ಸುಮ್ಮನೆ ಫ್ಯಾನು ಹಾಕಿದರೆ ಬಾಗಿಲುಗಳು ತಾವೇ ಬಡಿದುಕೊಂಡವು, ಕಿಟಕಿಯ ಸಂದುಗಳು ಸಿಳ್ಳೆ ಹೊಡೆದವು. ‘ಯಾರ ಮ್ಯಾಲೆ ಸಿಟ್ಟು ಇದಕ್ಕ?’ ಎಂದಳು ಕಾಳಮ್ಮ, ಮಂಚದ ಮೇಲಿಂದ. ನಡುಮನೆಯ ಗೋಡೆ ಒಡೆದು ದೊಡ್ಡ ಜಾಲರಿ ಕೂರಿಸಿದ ಮೇಲೆ ಮನೆ ಸುಮ್ಮನಾಯಿತು. ತಾಮ್ರದ ಕೊಳವೆಯೊಳಗಿನ ಹಸಿಗಾಳಿಯನ್ನು ಎಳೆದು ತೆಗೆಯಬೇಕಾಗಿತ್ತು, ಇಲ್ಲದಿದ್ದರೆ ಮಷೀನು ಉಸಿರುಗಟ್ಟಿ ಸಾಯುತ್ತದೆ. ಅದರ ಪಂಪು ಇದ್ದದ್ದು ಫ್ರಿಜ್ಜು ರಿಪೇರಿಯ ಮೌಲಾಸಾಬನ ಹತ್ತಿರ. ಮೂವತ್ತು ವರ್ಷದ ಗೆಳೆಯ. ಪಂಪು ಕೊಟ್ಟ. ಅಂಗಡಿಯಲ್ಲಿ ಚಹಾ ಬಂದಿತ್ತು, ನನ್ನನ್ನು ನೋಡಿ ಕಪ್ಪನ್ನು ಮೇಜಿನ ಕೆಳಗಿಟ್ಟ. ‘ತಪ್ಪು ತಿಳ್ಕೋಬ್ಯಾಡ ಮಾನಪ್ಪ, ಮಕ್ಕಳು ಮರಿ ಅದಾವು’ ಎಂದ. ನಾನು ತಪ್ಪು ತಿಳಿಯಲಿಲ್ಲ, ಆದರೆ ಆ ಕಪ್ಪು ಇನ್ನೂ ನೆನಪಿದೆ.

ಎಲ್ಲ ಮುಗಿದು ಜಾಲರಿಗಳನ್ನು ಸೂರಿಗೆ ಸ್ಕ್ರೂ ಹಾಕಿ ಕೂರಿಸುವುದಷ್ಟೇ ಉಳಿದಾಗ ಎತ್ತರದ ಏಣಿ ಬೇಕಾಯಿತು. ಅದು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಹೆಸರು ದ್ರಾಕ್ಷಾಯಣಿ. ನನಗೆ ಆರು ವರ್ಷವಿದ್ದಾಗ ಅವ್ವ ಹೋದಳು, ಆಗ ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ನನ್ನ ಹೊಟ್ಟೆ ಅವಳ ಜವಾಬ್ದಾರಿ. ಗಂಡ ಸತ್ತ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು, ಮೊಸರು ಬೆಣ್ಣೆ ಮಾರಿ, ಯಾರ ಹಂಗೂ ಇಲ್ಲದೆ ಬದುಕಿದವಳು. ಅವಳ ಮನೆಯ ಗೋಡೆ ದಪ್ಪ, ಸೂರು ಎತ್ತರ. ಅವಳ ಬೆಣ್ಣೆ ಮಧ್ಯಾಹ್ನದ ಹೊತ್ತಿನಲ್ಲೂ ಗಟ್ಟಿಯಾಗಿ ಎಲೆಯ ಮೇಲೆ ಕೂತಿರುತ್ತಿತ್ತು. ಊರಿನಲ್ಲಿ ಅದಕ್ಕೇ ಹೆಸರು.

‘ಬಿಸಿ ಯಾರ ಮನಿಗೆ ಹೋಗ್ತೈತಿ?’ ಎಂದು ಅಕ್ಕ ಕೇಳಿದಳು. ಮಜ್ಜಿಗೆ ಕಡೆಯುತ್ತ ಕೂತಿದ್ದಳು.

‘ಸಾಹುಕಾರನ ಮನಿಗೆ. ಲಾಡು ತಿಂದೀನಲ್ಲ’ ಎಂದೆ, ಹೆಮ್ಮೆಯಿಂದ.

ಅಕ್ಕ ಕಡೆಗೋಲು ನಿಲ್ಲಿಸಿ ನೆಲ ನೋಡಿದಳು. ನಾನು ಹೆಗಲ ಮೇಲೆ ಏಣಿ ಹೊತ್ತು ಬಾಗಿಲಿಗೆ ಬಂದಾಗ ಒಳಗಿನಿಂದ ಒಂದು ಶೇಂಗಾ ಉಂಡೆ ತಂದಳು. ನನ್ನ ಕೈ ಎರಡೂ ಏಣಿಗೆ, ಅದರ ಮೇಲೆ ಎಣ್ಣೆ ಮಸಿ. ‘ಬಾಯಿ ತೆರಿ’ ಎಂದಳು. ಚಿಕ್ಕಂದಿನಿಂದ ಆ ಎರಡು ಮಾತು ಕೇಳಿದರೆ ನನ್ನ ಬಾಯಿ ತಾನಾಗಿ ತೆರೆಯುತ್ತದೆ. ತೆರೆಯಿತು. ಉಂಡೆ ನುಂಗಿದೆ. ಅರ್ಧ ದಾರಿ ಬಂದ ಮೇಲೆ ಏನು ಮಾಡಿದೆ ಎಂದು ಗೊತ್ತಾಗಿ ಏಣಿ ಸಮೇತ ಬಿಸಿಲಲ್ಲಿ ನಿಂತೆ. ಆಮೇಲೆ, ಒಂದು ಉಂಡೆ ಊಟವೇನು ಎಂದುಕೊಂಡೆ. ಹಾಗಾದರೆ ಸಾಹುಕಾರನ ಮನೆಯ ಲಾಡು ಊಟ ಹೇಗಾಯಿತು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳದಿರುವುದು ಸುಲಭವಾಗಿತ್ತು, ಕಾಳಮ್ಮ ಮನೆಯಲ್ಲಿ ನೆಲದ ಮೇಲಿದ್ದಳು.

ಮರುದಿನ ಬೆಳಿಗ್ಗೆ ಗುಂಡಿ ಒತ್ತಿದೆ. ಮಾಳಿಗೆಯ ಮೇಲೆ ಪೆಟ್ಟಿಗೆ ಗುರ್ ಎಂದಿತು. ಜಾಲರಿಯಿಂದ ಮೊದಲು ತಗಡಿನ ವಾಸನೆ ಬಂತು, ಆಮೇಲೆ ತಂಪು. ಮೂರನೆಯ ದಿನ ಕಾಳಮ್ಮ ಗೋಡೆ ಹಿಡಿದು ಎದ್ದಳು. ಐದನೆಯ ದಿನ ಗೋಡೆ ಬಿಟ್ಟಳು. ಹತ್ತನೆಯ ದಿನ ತಲೆಬಾಗಿಲಿಗೆ ನಾನೇ ರಂಗೋಲಿ ಹಾಕುತ್ತೇನೆ ಎಂದು ಹಟ ಹಿಡಿದು, ನಸುಕಿನ ತಂಪಿನಲ್ಲಿ ಹೊಸಿಲು ದಾಟಿ, ಕುಕ್ಕರಗಾಲಲ್ಲಿ ಕೂತು, ಹಾಕಿ, ಯಾರ ಆಸರೆಯೂ ಇಲ್ಲದೆ ಎದ್ದು ಒಳಗೆ ಬಂದಳು. ನಾನು ಬಚ್ಚಲಿಗೆ ಹೋಗಿ ಅತ್ತೆ. ಹನ್ನೊಂದು ವರ್ಷದ ಮೇಲೆ ನನ್ನ ಹೆಂಡತಿ ನನ್ನ ಎದುರು ನಿಂತು ಮಾತಾಡುತ್ತಿದ್ದಳು. ಅವಳು ನನಗಿಂತ ನಾಲ್ಕು ಬೆರಳು ಎತ್ತರ ಎಂಬುದೇ ನನಗೆ ಮರೆತುಹೋಗಿತ್ತು.

‘ಯಾರ ಮನ್ಯಾಗ ಬೀಳಾಕತ್ತೈತಿ ನನ್ನ ಬಿಸಿ?’ ಎಂದು ಅವಳೂ ಕೇಳಿದಳು.

‘ಸಾಹುಕಾರನ ಮನ್ಯಾಗ.’

ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಆ ದಪ್ಪ ಮನಿಷಾ ಅಂಗಿ ಬಿಚ್ಚಿ ಕುಂತಿರಬೇಕು ನೋಡು’ ಎಂದಳು. ಆ ನಗುವನ್ನು ಕೆಡಿಸುವ ಮನಸ್ಸು ನನಗೆ ಆಗಲಿಲ್ಲ.

ಆದರೆ ನಾನು ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟಿದ್ದೆ. ಏಣಿಯನ್ನು ಕೂಡ ವಾಪಸು ಕೊಟ್ಟಿರಲಿಲ್ಲ. ಅಕ್ಕ ಸಂತೆಯಲ್ಲಿ ಸಿಗುತ್ತಿದ್ದಳು. ಮೊದಲ ತಿಂಗಳು ಅವಳ ಬುಟ್ಟಿಯಲ್ಲಿ ಬೆಣ್ಣೆ ಕಡಿಮೆಯಾಯಿತು. ಎರಡನೆಯ ತಿಂಗಳು ಬೆಣ್ಣೆಯೇ ಇಲ್ಲ, ಬರೀ ತುಪ್ಪದ ಡಬ್ಬಿ, ನಾನೇ ಮಾಡಿಕೊಟ್ಟ ಡಬ್ಬಿಗಳು. ‘ಯಾಕಕ್ಕಾ, ಬೆಣ್ಣಿ?’ ಎಂದರೆ, ‘ಜನಾ ಈಗ ತುಪ್ಪಾನೇ ಕೇಳ್ತಾರ’ ಎಂದಳು. ಮೊಸರು ಹುಳಿಯಾಗಿದೆ ಎಂದು ಗಿರಾಕಿಗಳು ಜಗಳ ತೆಗೆಯುತ್ತಿದ್ದರು. ಅವಳ ಕುತ್ತಿಗೆ ಪೂರಾ ಬೆವರುಸಾಲೆ, ತುಟಿ ಒಡೆದಿತ್ತು. ಆದರೂ ಎದುರಾದಾಗಲೆಲ್ಲ ‘ಕಾಳಿ ಹ್ಯಾಂಗ ಅದಾಳ? ನಡೀತಾಳ?’ ಎಂದು ಮೊದಲು ಕೇಳುತ್ತಿದ್ದಳು. ನಡೆಯುತ್ತಾಳೆ ಎಂದರೆ ಅವಳ ಮುಖ ಅರಳುತ್ತಿತ್ತು. ನಾನು ಬೇಗ ಬೇಗ ಬೇರೆ ಮಾತು ತೆಗೆದು ಜಾಗ ಖಾಲಿ ಮಾಡುತ್ತಿದ್ದೆ. ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಕೈಗೆ ಹುಳ ಬೀಳಲಿ.

ಮೂರನೆಯ ತಿಂಗಳು ಅಕ್ಕ ಒಲೆಯ ಮುಂದೆ ಬಿದ್ದಳು. ತುಪ್ಪ ಕಾಯಿಸುತ್ತಿದ್ದಳಂತೆ. ಪಕ್ಕದ ಮನೆಯವರು ಎತ್ತಿ ಆಸ್ಪತ್ರೆಗೆ ಸೇರಿಸಿ ನನಗೆ ಹೇಳಿ ಕಳಿಸಿದರು. ಅವಳ ಬಟ್ಟೆ ತರಲು ಅವತ್ತು ಅವಳ ಮನೆಯೊಳಗೆ ಕಾಲಿಟ್ಟೆ. ಬಾಗಿಲು ತೆಗೆದ ಕೂಡಲೇ ರೆಪ್ಪೆ ಸುಟ್ಟಂತಾಯಿತು. ಅದು ನನ್ನ ಮನೆಯ ಬಿಸಿ. ಗೂಟದ ಮೇಲಿನ ಸೀರೆ ಇಸ್ತ್ರಿ ಮಾಡಿದಷ್ಟು ಬಿಸಿಯಾಗಿತ್ತು. ಎಮ್ಮೆಗಳನ್ನು ಅವಳು ಎಂದೋ ಹೊರಗೆ ಕಟ್ಟಿದ್ದಳು. ಒಂದರ ಹಗ್ಗ ಖಾಲಿ ಇತ್ತು.

ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತೆ. ಬಲಗೈಗೆ ತುಪ್ಪ ಬಿದ್ದು ಸುಟ್ಟ ಗಾಯ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಂದು ತಿಂಗಳು ಆ ಮನೆಯಲ್ಲಿದ್ದರೆ ಈ ಹೆಂಗಸು ಉಳಿಯುವುದಿಲ್ಲ ಎಂದು ಹೇಳಿದ್ದರು.

‘ನಿನಗ ಗೊತ್ತಿತ್ತೇನು ಅಕ್ಕಾ, ಉಂಡಿ ಕೊಡುವಾಗ?’

‘ಗೊತ್ತಿಲ್ಲದ ಏನು, ನಾನೇನು ಸಣ್ಣ ಕೂಸಾ?’ ಎಂದಳು. ‘ಸಾಹುಕಾರನ ಮನಿಗೆ ಹೋದ್ರ ಅದು ಅಲ್ಲೇ ಕುಂದರ್ತಿತ್ತೇನು? ಅವನ ಮಷೀನು ಅದನ್ನೂ ದೂಡಿ ಯಾವನೋ ಕೂಲಿಯವನ ಮನ್ಯಾಗ ಒಗೀತಿತ್ತು. ಯಾರದೋ ಮನಿ ಯಾಕ ಸುಡಬೇಕು ತಮ್ಮಾ? ನಮ್ಮ ಮನಿ ಬಿಸಿ ನಮ್ಮಲ್ಲೇ ಇರ್ಲಿ ಅಂತ ನಾನ ಇಟ್ಕೊಂಡೆ.’ ಸ್ವಲ್ಪ ಉಸಿರು ತೆಗೆದುಕೊಂಡು, ‘ಇಷ್ಟು ಇರ್ತೈತಿ ಅಂತ ಗೊತ್ತಿರಲಿಲ್ಲ, ಅಷ್ಟ’ ಎಂದಳು.

ಮಷೀನು ಬಂದ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾಡಿದೆ. ಎರಡು ದಿನ ಬಂದ್ ಮಾಡಿದೆ. ಮಷೀನು ಕೆಟ್ಟಿದೆ ಎಂದು ಕಾಳಮ್ಮನಿಗೆ ಸುಳ್ಳು ಹೇಳಿದೆ. ಮೊದಲ ದಿನ ಮಧ್ಯಾಹ್ನವೇ ಅವಳ ಕೈಯಿಂದ ಲೋಟ ಬಿತ್ತು. ಸಂಜೆಗೆ ನೆಲ ಹಿಡಿದಳು. ಎರಡನೆಯ ದಿನ ಅವಳು ತೆವಳುತ್ತ ರಂಗೋಲಿ ಡಬ್ಬಿಯನ್ನು ಹೊಸಿಲ ಹತ್ತಿರದಿಂದ ತೆಗೆದು ಒಳಗಿನ ಗೂಡಿನಲ್ಲಿಟ್ಟು ಬಾಗಿಲು ಮುಚ್ಚಿದಳು. ಬೈದಿದ್ದರೆ ನಾನು ಗಟ್ಟಿಯಾಗುತ್ತಿದ್ದೆನೇನೋ. ಮತ್ತೆ ಗುಂಡಿ ಒತ್ತಿದೆ. ಅಕ್ಕ ಆಸ್ಪತ್ರೆಯಿಂದ ಬರಲು ಇನ್ನು ನಾಲ್ಕು ದಿನವಿತ್ತು. ಅಷ್ಟರೊಳಗೆ ನಾನು ಬೇರೆ ಎಲ್ಲಾದರೂ ಒಂದು ತುತ್ತು ತಿನ್ನಬೇಕಿತ್ತು.

ಮೊದಲು ಸಾಹುಕಾರನಲ್ಲಿಗೇ ಹೋದೆ. ಊಟದ ಹೊತ್ತು ನೋಡಿಕೊಂಡು, ಹರಿನಾಳದ ನೆಪದಲ್ಲಿ. ಅವನು ಜೋಕಾಲಿಯ ಮೇಲೆ ಕೂತು ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದ. ‘ನಿನ್ನ ಮಾಳಗಿ ಮ್ಯಾಲಿನ ಡಬ್ಬಿ ನಮ್ಮ ಕಿಟಕ್ಯಾಗ ಕಾಣ್ತೈತಿ ಮಾನಪ್ಪ’ ಎಂದ. ‘ಬಡವರ ಮನಿಗೆ ಹೋಗು. ಅವರ ಮನಸ್ಸು ದೊಡ್ಡದು.’ ನಕ್ಕ. ನನಗೆ ಅವನ ಕುತ್ತಿಗೆ ಹಿಚುಕಬೇಕೆನಿಸಿತು. ಆದರೆ ಮಾತು ಕಿವಿಯಲ್ಲಿ ಉಳಿಯಿತು.

ಮೂರು ದಿನ ಓಣಿ ಓಣಿ ತಿರುಗಿದೆ. ಐವತ್ತೆರಡು ವರ್ಷ ಬಾಳಿದ ಊರು. ಯಾರ ಮನೆಯ ಡಬ್ಬಿ ನಾನು ಮಾಡಿರಲಿಲ್ಲ? ನನ್ನನ್ನು ಕಂಡ ಕೂಡಲೇ ಹೆಂಗಸರು ತಟ್ಟೆಗೆ ಸೆರಗು ಮುಚ್ಚಿದರು. ಮೌಲಾಸಾಬ ಅಂಗಡಿಯ ಬಾಗಿಲೆಳೆದ. ಮಠದ ಬೋರ್ಡಿನ ಮುಂದೆ ಅರ್ಧ ಗಂಟೆ ನಿಂತೆ, ಅಡುಗೆಯವನು ಒಳಗಿನಿಂದ ಚಿಲಕ ಹಾಕಿಕೊಂಡ. ಅವರ ತಪ್ಪಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೂ ಪ್ರತಿಯೊಬ್ಬರನ್ನೂ ಮನಸ್ಸಿನಲ್ಲೇ ಬೈದೆ.

ನಾಲ್ಕನೆಯ ದಿನ ಮಧ್ಯಾಹ್ನ ಊರಾಚೆಯ ಇಟ್ಟಿಗೆ ಭಟ್ಟಿಗಳ ಕಡೆ ಹೋದೆ. ಅಲ್ಲಿ ಹೊರಗಿನಿಂದ ಬಂದ ಕೂಲಿಯವರ ತಗಡಿನ ಗುಡಿಸಲುಗಳಿವೆ. ಕೊನೆಯ ಗುಡಿಸಲಿನ ಮುಂದೆ ಒಬ್ಬ ಮುದುಕಿ ರೊಟ್ಟಿ ಬಡಿಯುತ್ತಿದ್ದಳು. ಹೆಸರು ಹುಲಿಗೆವ್ವ ಎಂದು ಆಮೇಲೆ ಗೊತ್ತಾಯಿತು. ನಾನು ಸುಮ್ಮನೆ ಬೇವಿನ ನೆರಳಿಗೆ ನಿಂತೆ. ಅವಳು ತಲೆಯೆತ್ತಿ ನೋಡಿ, ಯಾರೂ ನಮ್ಮ ಊರಿನಲ್ಲಿ ಕೇಳದ ಮಾತು ಕೇಳಿದಳು.

‘ಉಂಡಿಯೇನಪ್ಪಾ?’

‘ಇಲ್ಲವ್ವಾ’ ಎಂದೆ.

ಅವಳು ಎಷ್ಟೋ ತಿಂಗಳಿಂದ ಈ ಊರಿನಲ್ಲಿದ್ದಳು. ಇಲ್ಲಿ ಮೊದಲು ಏನು ಕೇಳಬೇಕು ಎಂದು ಅವಳಿಗೆ ಗೊತ್ತಿರಲೇಬೇಕು. ಕೇಳಲಿ ಎಂದು ಕಾದೆ. ಕೇಳಿದ್ದರೆ ನಿಜ ಹೇಳುತ್ತಿದ್ದೆ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ಅವಳು ಕೇಳಲಿಲ್ಲ. ಒಲೆಯಿಂದ ಇಳಿಸಿದ ರೊಟ್ಟಿಯ ಮೇಲೆ ಕೆಂಪು ಖಾರ, ಅದರ ಮೇಲೆ ನಾಲ್ಕು ಹನಿ ಎಣ್ಣೆ ಹಾಕಿ ನನ್ನ ಕೈಗಿಟ್ಟಳು. ‘ಮುಖ ನೋಡಿದ್ರ ಮೂರು ದಿನ ಉಂಡಿಲ್ಲ ಅನಸ್ತೈತಿ. ಕುಂತು ತಿನ್ನು’ ಎಂದಳು. ಕುಂತೆ. ತಿಂದೆ. ಗುಡಿಸಲಿನೊಳಗೆ ಸೀರೆಯ ತೊಟ್ಟಿಲು ಕಟ್ಟಿತ್ತು, ಅದರ ಹಗ್ಗ ಅವಳ ಕಾಲ್ಬೆರಳಿಗಿತ್ತು, ರೊಟ್ಟಿ ಬಡಿಯುತ್ತಲೇ ಅವಳು ತೂಗುತ್ತಿದ್ದಳು. ಆ ತೊಟ್ಟಿಲು ನನಗೆ ಕಂಡದ್ದು ಎರಡನೆಯ ತುತ್ತಿನ ಹೊತ್ತಿಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮೊದಲ ತುತ್ತಿಗೆ ಮುಂಚೆಯೇ ಕಂಡಿತ್ತು. ‘ಮಗಳ ಕೂಸು. ಅವಳು ಭಟ್ಟಿಗೆ ಹೋಗ್ಯಾಳ’ ಎಂದಳು ಮುದುಕಿ. ರೊಟ್ಟಿ ಬಹಳ ರುಚಿಯಾಗಿತ್ತು. ಇನ್ನೊಂದು ಕೊಟ್ಟಳು, ಅದನ್ನೂ ತಿಂದೆ. ಏಳುವಾಗ, ನಿನ್ನ ಸೂರಿನ ತಗಡು ಸಡಿಲವಾಗಿದೆ, ಒಂದು ದಿನ ಬಂದು ಬಡಿದು ಕೊಡುತ್ತೇನೆ ಎಂದು ಹೇಳಿ ಬಂದೆ.

ಅಕ್ಕ ಮನೆಗೆ ಬಂದಾಗ ಅವಳ ಮನೆ ಮೊದಲಿನಂತೆ ತಂಪಾಗಿತ್ತು. ಒಂದು ವಾರಕ್ಕೆ ಅವಳ ಕುತ್ತಿಗೆಯ ಬೆವರುಸಾಲೆ ಇಳಿಯಿತು. ಉಳಿದ ಒಂದು ಎಮ್ಮೆ ಹಾಲು ಏರಿಸಿತು. ಬುಟ್ಟಿಯಲ್ಲಿ ಬೆಣ್ಣೆ ಮತ್ತೆ ಕಾಣಿಸಿಕೊಂಡಿತು. ಇಲ್ಲಿ ಕಾಳಮ್ಮ ರಂಗೋಲಿ ಡಬ್ಬಿಯನ್ನು ಮತ್ತೆ ಹೊರಗೆ ತೆಗೆದಳು. ಎಲ್ಲರೂ ಸುಖವಾಗಿದ್ದರು. ನಾನು ಭಟ್ಟಿಯ ಕಡೆ ತಗಡು ಬಡಿಯಲು ಹೋಗಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಸಂಜೆ ನಾಲ್ಕು ಗಂಟೆಗೆ ಅಕ್ಕ ಬಂದಳು. ಕಾಳಮ್ಮ ನಡೆದು ಹೋಗಿ ಬಾಗಿಲು ತೆಗೆದಳು. ಮಷೀನು ಬಂದ ಮೇಲೆ ಅವಳು ನಡೆಯುವುದನ್ನು ಅಕ್ಕ ಕಣ್ಣಾರೆ ನೋಡಿದ್ದು ಅದೇ ಮೊದಲು. ಅವಳ ಗಲ್ಲ ಹಿಡಿದು, ‘ನನ್ನವ್ವ’ ಎಂದಳು. ಆಮೇಲೆ ನನ್ನ ಎದುರು ನೆಲದ ಮೇಲೆ ಕೂತು ಕೈಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದಳು.

‘ಯಾರ ಮನ್ಯಾಗ ಉಂಡಿ?’

‘ಹೋಟೆಲಿನ್ಯಾಗ.’

‘ಹೋಟೆಲಿಂದು ಲೆಕ್ಕಕ್ಕಿಲ್ಲ. ನನಗ ಸುಳ್ಳು ಹೇಳಬ್ಯಾಡ.’

ಕಾಳಮ್ಮ ನೀರು ತರಲು ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು.

‘ಇವತ್ತು ಬೆಣ್ಣಿ ಮಾರಾಕ ಭಟ್ಟಿ ಕಡೆ ಹೋಗಿದ್ದೆ’ ಎಂದಳು ಅಕ್ಕ. ‘ಒಂದು ಕೂಸಿನ ತೊಟ್ಟಿಲು ದಾರಿ ಮ್ಯಾಲಿನ ಬೇವಿನ ಗಿಡಕ್ಕ ಕಟ್ಯಾರ. ಲಾರಿ ಧೂಳೆಲ್ಲಾ ಅದರ ಮ್ಯಾಲೆ. ಯಾಕವ್ವಾ ಹೊರಗ ಅಂದ್ರ, ಮನ್ಯಾಗ ಕಾಲಿಡಾಕ ಆಗವಲ್ದು ಅಂದ್ಲು ಆ ಮುದಿಕಿ. ಮೈತುಂಬಾ ಬೊಬ್ಬಿ ಎದ್ದಾವು ಆ ಕೂಸಿಗೆ. ಅಳಾಕೂ ತ್ರಾಣಿಲ್ಲ ಅದಕ್ಕ. ಯಾರಿಗರ ಊಟ ಕೊಟ್ಟಿದ್ದೇನು ಅಂತ ಕೇಳಿದೆ. ಒಬ್ಬಾಂವ ಹಸದು ಬಂದಿದ್ದ, ತಗಡಿನವ ಅಂತ, ಪಾಪ, ಬರ್ತೀನಿ ಅಂದಾವ ಬರಲೇ ಇಲ್ಲ, ಆರಾಮ ಇದ್ದಾನೋ ಇಲ್ಲೋ ಅಂದ್ಲು. ನಿನ್ನ ಚಿಂತಿ ಮಾಡಾಕತ್ತಾಳ ಮಾನ್ಯಾ, ಆಕಿ.’

ಅಡುಗೆಮನೆಯ ಬಾಗಿಲಲ್ಲಿ ಲೋಟ ಸದ್ದು ಮಾಡಿತು. ಬೀಳಲಿಲ್ಲ. ಈಗ ಕಾಳಮ್ಮನ ಕೈಗೆ ಲೋಟ ಹಿಡಿಯುವ ಶಕ್ತಿ ಇತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತನ್ನ ಬಿಸಿ ಸಾಹುಕಾರನ ಮನೆಗೆ ಒಂದು ದಿನವೂ ಹೋಗಿರಲಿಲ್ಲ, ಮೊದಲು ಎಲ್ಲಿತ್ತು, ಈಗ ಎಲ್ಲಿದೆ ಎಂಬುದು ಅವಳಿಗೆ ಒಂದೇ ಸಲಕ್ಕೆ ತಿಳಿಯಿತು.

ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. ಶೇಂಗಾ ಉಂಡೆ. ಬಲಗೈಯ ಸುಟ್ಟ ಗಾಯದ ಮೇಲೆ ಹೊಸ ಚರ್ಮ ಇನ್ನೂ ಕೆಂಪಗಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಆ ಕೈಯಿಂದಲೇ ಉಂಡೆಯನ್ನು ಹಿಡಿದು ನನ್ನ ತುಟಿಯ ಹತ್ತಿರ ತಂದಳು. ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತಿತ್ತು. ಇನ್ನೊಂದು ತಿಂಗಳು ಎಂದು ಆಮೇಲೆ ಅವಳ ಎದುರೂ ಹೇಳಿದ್ದರಂತೆ.

‘ಬಾಯಿ ತೆರಿ’ ಎಂದಳು.

ನಾನು ಕಾಳಮ್ಮನ ಕಡೆ ನೋಡಿದೆ. ಅವಳು ನೆಟ್ಟಗೆ ನಿಂತಿದ್ದಳು. ಗೋಡೆ ಹಿಡಿದಿರಲಿಲ್ಲ. ತಿನ್ನು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಮಷೀನು ಬಂದ್ ಮಾಡು ಎಂದೂ ಅನ್ನಲಿಲ್ಲ. ಮೇಲಿನ ಜಾಲರಿಯಿಂದ ತಂಪು ಗಾಳಿ ಬಂದು ನನ್ನ ಕುತ್ತಿಗೆಗೆ ಬೀಳುತ್ತಿತ್ತು. ಆ ಜಾಲರಿಯನ್ನು ಕೂರಿಸಿದವನು ನಾನು, ಕೊಳವೆಯಲ್ಲಿ ಒಂದು ಸಂದು ಬಿಡದಂತೆ ಬಡಿದವನು ನಾನು.

‘ಬಾಯಿ ತೆರಿ, ತಮ್ಮಾ’ ಎಂದು ಅಕ್ಕ ಮತ್ತೊಮ್ಮೆ ಹೇಳಿದಳು. ಬೆಲ್ಲದ ವಾಸನೆ ಮೂಗಿಗೆ ಬಡಿಯುತ್ತಿತ್ತು.

ನಾನು ಹಲ್ಲು ಕಚ್ಚಿ ಹಿಡಿದೆ. ಹುಟ್ಟಿದ ಮೇಲೆ ಮೊದಲ ಸಲ ಅಕ್ಕನ ಮಾತಿಗೆ ಬಾಯಿ ತೆರೆಯಲಿಲ್ಲ. ಮಾಳಿಗೆಯ ಮೇಲೆ ಪೆಟ್ಟಿಗೆ ಗುರ್ ಎನ್ನುತ್ತಲೇ ಇತ್ತು.